ಖಾಲಿ ಕೋಣೆಯ ಫ್ಯಾನು

"ಅಜ್ಜಯ್ಯ, ಗೊತ್ತಿಲ್ಲದವರಿಗೆ ಹೇಳಿಕೊಡಬಹುದು. ಎಲ್ಲ ಗೊತ್ತಿದ್ದೂ ಮಾಡದವರಿಗೆ ಏನು ಹೇಳುವುದು?"

ಹೀಗೆ ಕೇಳಿದವನು ತಿಪ್ಪೇಶ. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ. ಹೋದ ಯುಗಾದಿಯಿಂದ ಅಲ್ಲಿನ ವಿದ್ಯುತ್ ಉಳಿತಾಯ ಸಮಿತಿಗೆ ಅವನೇ ಸಂಚಾಲಕ. ಕೇಳಿಸಿಕೊಂಡವರು ಹಾಲಯ್ಯನವರು. ಅವರ ಮಠವೆಂದರೆ ದೊಡ್ಡದೇನಲ್ಲ, ಗುಡ್ಡದ ಬುಡದಲ್ಲಿ ಎರಡು ಅಂಕಣದ ಕಲ್ಲುಮನೆ. ತಿಪ್ಪೇಶ ಚಿಕ್ಕಂದಿನಿಂದ ಅವರ ಶಿಷ್ಯ. ತಲೆ ಕೆಟ್ಟಾಗಲೆಲ್ಲ ಅಲ್ಲಿಗೆ ಬರುವುದು ಅವನ ರೂಢಿ.

ತಿಪ್ಪೇಶ ತನ್ನ ಗೋಳು ಹೇಳಿಕೊಂಡ. ಎಲ್ಲರೂ ಓದಿದವರು. ಕರೆಂಟು ಎಷ್ಟು ಕಷ್ಟದಿಂದ ಬರುತ್ತದೆ ಎಂದು ಒಂದು ಗಂಟೆ ಭಾಷಣ ಮಾಡಬಲ್ಲವರು. ಭಾಷಣ ಮುಗಿಸಿ ಎದ್ದುಹೋಗುವಾಗ ಒಬ್ಬರ ಕೈಯೂ ಸ್ವಿಚ್ಚಿನ ಕಡೆ ಹೋಗುವುದಿಲ್ಲ. ಹೇಳಿದರೆ ಹೌದು ಹೌದು ಎನ್ನುತ್ತಾರೆ, ಮರುದಿನ ಮತ್ತೆ ಅದೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಇವರನ್ನು ತಿದ್ದುವ ದಾರಿ ಯಾವುದು?

ಹಾಲಯ್ಯನವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದು ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯ. ಅಲ್ಲಿ ಒಬ್ಬ ವೈರ್‌ಮನ್ ಇದ್ದ. ಕಾಯಂ ನೌಕರನಲ್ಲ, ಹಂಗಾಮಿ. ಮೇಲಿನವರು ಬೇಡ ಅಂದರೆ ಮರುದಿನವೇ ಮನೆಗೆ. ಆದರೆ ಒಳ್ಳೆಯ ಕೆಲಸಗಾರ. ಯಾವ ಕಟ್ಟಡದ ಯಾವ ಗೋಡೆಯೊಳಗೆ ಯಾವ ತಂತಿ ಹೋಗಿದೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ಅಲ್ಲಿದ್ದ ದೊಡ್ಡ ದೊಡ್ಡ ಪಂಡಿತರಿಗೆ ತಮ್ಮ ಕೋಣೆಯ ಯಾವ ಸ್ವಿಚ್ಚು ಯಾವುದಕ್ಕೆ ಎಂಬುದೇ ಗೊತ್ತಿರಲಿಲ್ಲ.

ಆ ವಿಶ್ವವಿದ್ಯಾಲಯಕ್ಕೆ ಇದ್ದದ್ದು ಒಂದೇ ಟ್ರಾನ್ಸ್‌ಫಾರ್ಮರ್. ನಾಲ್ಕು ವಿಭಾಗಗಳ ಕಟ್ಟಡ, ಆಡಳಿತ ಕಚೇರಿ, ತುದಿಯಲ್ಲಿ ವಿದ್ಯಾರ್ಥಿಗಳ ಓದುವ ಕೋಣೆ, ಇಷ್ಟಕ್ಕೂ ಅದೇ ಆಧಾರ. ಆ ವರ್ಷ ಬೇಸಿಗೆ ಬೇಗ ಬಂತು. ಸಂಜೆ ಆರಕ್ಕೆ ಓದುವ ಕೋಣೆಯ ದೀಪ ಹಾಕಿದ ಕೂಡಲೇ ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋಗುತ್ತಿತ್ತು. ವೈರ್‌ಮನ್ ಬಂದು ಕಟ್ಟುತ್ತಿದ್ದ. ಅವನು ಬೆನ್ನು ತಿರುಗಿಸುವಷ್ಟರಲ್ಲಿ ಅದು ಮತ್ತೆ ಹೋಗುತ್ತಿತ್ತು.

ಕುಲಪತಿಗಳು ಸಭೆ ಕರೆದರು. ಓದುವ ಕೋಣೆಯ ದೀಪ ಹಾಕಿದಾಗ ಫ್ಯೂಸು ಹೋಗುತ್ತದೆ ಎಂದಮೇಲೆ ತಪ್ಪು ಓದುವ ಕೋಣೆಯದೇ ಎಂದು ಎಲ್ಲರೂ ಒಪ್ಪಿದರು. ಇನ್ನು ಮೇಲೆ ಅದನ್ನು ಸಂಜೆ ಐದಕ್ಕೇ ಮುಚ್ಚುವುದೆಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಎಮ್ಮೆ ಮಾತಾಡುವುದಿಲ್ಲವಲ್ಲ, ಬರೆ ಎಳೆಯುವವರಿಗೆ ಅದೊಂದು ಅನುಕೂಲ.

ಆ ಕೋಣೆಯಲ್ಲಿ ದಿನಾ ಸಂಜೆ ನಲವತ್ತು ಮಕ್ಕಳು ಓದುತ್ತಿದ್ದರು. ಅವರಲ್ಲಿ ಆ ವೈರ್‌ಮನ್ನನ ಮಗಳೂ ಒಬ್ಬಳು. ಅವನ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಅದರೊಳಗೆ ಹೆಂಡತಿಯ ಹೊಲಿಗೆ ಯಂತ್ರ, ತಾಯಿಯ ಕೆಮ್ಮು, ಗಂಡುಮಕ್ಕಳಿಬ್ಬರ ಜಗಳ. ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು. ಓದುವ ಕೋಣೆ ಮುಚ್ಚಿದರೆ ಮಗಳ ಓದು ಅಲ್ಲಿಗೇ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ತೀರ್ಮಾನ ಕೇಳಿದ ದಿನ ಅವನಿಗೆ ಅನ್ನ ಇಳಿಯಲಿಲ್ಲ.

ಅವನು ಕುಲಪತಿಗಳ ಹತ್ತಿರ ಹೋಗಿ ಕೈ ಮುಗಿದ. ಓದುವ ಕೋಣೆಯದು ಹತ್ತು ದೀಪ, ಆರು ಫ್ಯಾನು. ಅದು ಹೊರೆಯೇ ಅಲ್ಲ. ಹೊರೆ ಇರುವುದು ವಿಭಾಗಗಳ ಖಾಲಿ ಕೋಣೆಗಳಲ್ಲಿ. ಒಂದು ತಿಂಗಳು ಕೊಟ್ಟರೆ ಇಳಿಸಿ ತೋರಿಸುತ್ತೇನೆ ಎಂದ. ಕುಲಪತಿಗಳು ಕೆಟ್ಟವರಲ್ಲ. ಒಂದು ತಿಂಗಳು ಕೊಟ್ಟರು. ಕೊಟ್ಟು ಸುಮ್ಮನಿರಲಾರದೆ ಒಂದು ಸಮಿತಿಯನ್ನೂ ಮಾಡಿದರು.

ವಿದ್ಯುತ್ ಉಳಿಸುವ ಆ ಸಮಿತಿ ಹಗಲು ಹನ್ನೊಂದಕ್ಕೆ ಸೇರಿತು. ಕಿಟಕಿಗಳ ಪರದೆ ಎಳೆದು, ಹದಿನಾರು ದೀಪ ಹಾಕಿಕೊಂಡು ಒಂದೂವರೆ ಗಂಟೆ ಮಾತಾಡಿತು. ದೀಪ ಆರಿಸದೆ ಹೋಗುವುದಕ್ಕೆ ಮರೆವೇ ಕಾರಣವೆಂದು ಕಂಡುಹಿಡಿಯಿತು. ಮರೆತವರಿಗೆ ನೆನಪಿಸಬೇಕು. ಸರಿ, ಬಾಗಿಲು ಬಾಗಿಲಿಗೂ ಚೀಟಿ ಅಂಟಿಸಿದರು. ಹೊರಗೆ ಹೋಗುವಾಗ ದೀಪ, ಫ್ಯಾನು ಆರಿಸಿ ಎಂದು ಅದರಲ್ಲಿ ಬರೆದಿತ್ತು. ಒಂದು ವಿಭಾಗದಲ್ಲಿ ಪಡಸಾಲೆ ಸ್ವಲ್ಪ ಕತ್ತಲು. ಚೀಟಿ ಕಾಣುವುದಿಲ್ಲವೆಂದು ಅವರು ಅದರ ಮೇಲೊಂದು ದೀಪ ಹಾಕಿಸಿಕೊಂಡರು. ಹಾಕಿಕೊಟ್ಟವನು ನಮ್ಮ ವೈರ್‌ಮನ್ನೇ. ಏನು ಮಾಡುತ್ತಾನೆ, ಹೇಳಿದ ಕೆಲಸ ಮಾಡಬೇಕು.

ವಾರ ಕಳೆಯಿತು. ಫ್ಯೂಸು ಹೋಗುವುದು ನಿಲ್ಲಲಿಲ್ಲ.

ಚೀಟಿಯಿಂದ ಆಗದ್ದನ್ನು ಕೈಯಿಂದಲೇ ಮಾಡೋಣವೆಂದು ಅವನು ಹೊರಟ. ದಿನಾ ಮಧ್ಯಾಹ್ನ ವಿಭಾಗ ವಿಭಾಗಕ್ಕೂ ಹೋದ. ಯಾವ ಬಾಗಿಲು ತೆಗೆದರೂ ಒಂದೇ ನೋಟ. ಮೇಲೆ ಫ್ಯಾನು ತಿರುಗುತ್ತಿದೆ. ಮೇಜಿನ ಮೇಲೆ ತೆರೆದ ಪುಸ್ತಕ. ಪುಸ್ತಕದ ಮೇಲೆ ಕನ್ನಡಕ. ಕುರ್ಚಿಯ ಬೆನ್ನಿಗೆ ಒಂದು ಕೋಟೋ ಶಾಲೋ. ಕೂರಬೇಕಾದವರು ಮಾತ್ರ ಇಲ್ಲ. ಅವನು ಸ್ವಿಚ್ಚು ಆರಿಸಿ ಮುಂದೆ ಹೋಗುತ್ತಿದ್ದ. ಅರ್ಧ ಗಂಟೆ ಬಿಟ್ಟು ಬಂದರೆ ಫ್ಯಾನು ಮತ್ತೆ ತಿರುಗುತ್ತಿರುತ್ತಿತ್ತು, ಕುರ್ಚಿ ಮತ್ತೆ ಖಾಲಿ. ಒಂದು ಕೋಣೆಯಲ್ಲಂತೂ ಎಂಟು ದಿನವಾದರೂ ಕನ್ನಡಕ ಅದೇ ಪುಟದ ಮೇಲಿತ್ತು. ಅಷ್ಟು ಕಷ್ಟದ ಪುಟ ಯಾವುದಿರಬಹುದೆಂದು ಅವನು ಬಗ್ಗಿ ನೋಡಿದ. ಅದು ಪರಿವಿಡಿ.

ಒಂಬತ್ತನೆಯ ದಿನ ಅವನ ಮೇಲೆ ದೂರು ಹೋಯಿತು. ಕೇಳದೆ ಕೋಣೆಗೆ ಬಂದು ಫ್ಯಾನು ಆರಿಸುತ್ತಾನೆ, ಸಂಶೋಧನೆಗೆ ತೊಂದರೆಯಾಗುತ್ತಿದೆ ಎಂದು ನಾಲ್ವರು ದೂರಿದ್ದರು. ಅವರಲ್ಲೊಬ್ಬರು ಆ ವಾರವೆಲ್ಲ ಮಾವನ ಮನೆಯಲ್ಲಿದ್ದರು. ಯಾರೋ ಸುದ್ದಿ ಮುಟ್ಟಿಸಿದರಂತೆ, ಅಲ್ಲಿಂದಲೇ ಫೋನು ಮಾಡಿ ದೂರು ಕೊಟ್ಟರು.

ವೈರ್‌ಮನ್ ತಲೆ ಕೆರೆದುಕೊಂಡ. ಮಾವನ ಮನೆಯಲ್ಲಿ ಹೋಳಿಗೆ ಉಣ್ಣುತ್ತಿರುವವರಿಗೆ ಇಲ್ಲಿ ಫ್ಯಾನು ಯಾಕೆ ಬೇಕು? ಸೆಕೆ ಅಲ್ಲಿ, ಗಾಳಿ ಇಲ್ಲಿ. ಇದು ಮರೆವಿನ ಸಂಗತಿಯಾಗಿ ಅವನಿಗೆ ಕಾಣಲಿಲ್ಲ. ಅಂದಿನಿಂದ ಅವನು ಸ್ವಿಚ್ಚು ಮುಟ್ಟುವುದನ್ನು ಬಿಟ್ಟು ನೋಡುವುದಕ್ಕೆ ಶುರುಮಾಡಿದ.

ಒಂದು ಬೆಳಗ್ಗೆ ಒಂಬತ್ತೂವರೆಗೆ ಒಂದು ವಿಭಾಗದ ಮೆಟ್ಟಿಲ ಮೇಲೆ ಕೂತಿದ್ದ. ಅಧ್ಯಾಪಕರು ಯಾರೂ ಬಂದಿರಲಿಲ್ಲ. ಆ ವಿಭಾಗದ ಅಟೆಂಡರ್ ಹೆಂಗಸು ಬೀಗದ ಕೈ ಗೊಂಚಲು ಹಿಡಿದು ಬಂದಳು. ವಯಸ್ಸಾದವಳು. ಒಂದು ಕೋಣೆ ತೆರೆದಳು, ಸ್ವಿಚ್ಚುಗಳ ಮೇಲೆ ಅಂಗೈ ಆಡಿಸಿದಳು. ದೀಪ, ಫ್ಯಾನು ಎಲ್ಲ ಒಟ್ಟಿಗೆ ಶುರುವಾದವು. ಬಾಗಿಲು ಎಳೆದುಕೊಂಡು ಮುಂದಿನ ಕೋಣೆಗೆ ಹೋದಳು. ಹೀಗೆ ಹದಿನೆಂಟು ಕೋಣೆ.

"ಯಾರೂ ಬಂದಿಲ್ವಲ್ಲ ಆಯಮ್ಮ, ಯಾರಿಗೆ ಹಾಕ್ತೀಯ?" ಎಂದು ಅವನು ಕೇಳಿದ.

"ಬಂದಾರೆ ಅಂತ ಕಾಣ್ಬೇಕಲ್ಲಪ್ಪ. ಫ್ಯಾನು ತಿರುಗ್ತಿದ್ರೆ ಸಾಹೇಬ್ರು ಇಲ್ಲೇ ಎಲ್ಲೋ ಹೋಗ್ಯಾರೆ ಅಂತ. ನಿಂತಿದ್ರೆ ಬಂದೇ ಇಲ್ಲ ಅಂತ."

ಆಯಮ್ಮ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಉಳಿದದ್ದನ್ನೂ ಹೇಳಿದಳು. ಮೂವತ್ತು ವರ್ಷದ ಹಿಂದೆ ಅಲ್ಲಿ ಒಬ್ಬ ಕುಲಪತಿ ಇದ್ದರು. ಬಹಳ ಶಿಸ್ತಿನ ಮನುಷ್ಯ. ದಿನಾ ಹನ್ನೊಂದಕ್ಕೆ ಕೋಲೂರಿಕೊಂಡು ಪಡಸಾಲೆಯಲ್ಲಿ ನಡೆಯುತ್ತಿದ್ದರು. ಬಾಗಿಲು ತಟ್ಟುತ್ತಿರಲಿಲ್ಲ. ಬಾಗಿಲ ಮೇಲಿನ ಗಾಜಿನಲ್ಲಿ ಕತ್ತೆತ್ತಿ ನೋಡುತ್ತಿದ್ದರು. ಫ್ಯಾನು ತಿರುಗುತ್ತಿದ್ದರೆ ಅಧ್ಯಾಪಕ ಹಾಜರು. ನಿಂತಿದ್ದರೆ ಸಂಜೆಯೊಳಗೆ ಮೆಮೊ. ತರಗತಿಯಲ್ಲಿ ಪಾಠ ಮಾಡುತ್ತಿದ್ದವರಿಗೂ ಒಂದೆರಡು ಸಲ ಮೆಮೊ ಬಂತು. ಆಮೇಲೆ ಎಲ್ಲರೂ ಬುದ್ಧಿವಂತರಾದರು. ಆ ಕುಲಪತಿ ನಿವೃತ್ತರಾದರು, ಕಾಲವಾಗಿಯೂ ಹೋದರು. ಫ್ಯಾನುಗಳು ಮಾತ್ರ ಅವರಿಗೆ ಹಾಜರಿ ಹೇಳುತ್ತಲೇ ಇದ್ದವು.

ವರ್ಷ ಕಳೆದ ಹಾಗೆ ಅದಕ್ಕೆ ಇನ್ನೊಂದು ಸೇರಿಕೊಂಡಿತು. ಸಂಜೆ ಯಾರ ಕೋಣೆಯ ದೀಪ ಹೆಚ್ಚು ಹೊತ್ತು ಉರಿಯುತ್ತದೋ ಅವರೇ ದೊಡ್ಡ ವಿದ್ವಾಂಸರು ಎಂಬ ಮಾತು ಹುಟ್ಟಿತು. ಒಬ್ಬರು ಆರಕ್ಕೆ ಬಿಟ್ಟರೆ ಇನ್ನೊಬ್ಬರು ಏಳಕ್ಕೆ ಬಿಟ್ಟರು. ಕೊನೆಗೆ ಎಂಟಕ್ಕೆ ಕಾವಲುಗಾರ ಬೀಗ ಹಾಕುವವರೆಗೂ ಯಾರೂ ಆರಿಸದ ಹಾಗಾಯಿತು. ನಾಲ್ಕಕ್ಕೆ ಮನೆಗೆ ಹೋದವರು ಎಂಟರವರೆಗೂ ಕೋಣೆಯಲ್ಲಿ ಓದುತ್ತಿದ್ದರು.

ವೈರ್‌ಮನ್ನನಿಗೆ ಈಗ ವಿಷಯ ತಿಳಿಯಿತು. ಅಲ್ಲಿ ಯಾರೂ ಏನನ್ನೂ ಮರೆತಿರಲಿಲ್ಲ. ಎಲ್ಲರೂ ಚೆನ್ನಾಗಿ ನೆನಪಿಟ್ಟುಕೊಂಡೇ ಫ್ಯಾನು ಬಿಟ್ಟು ಹೋಗುತ್ತಿದ್ದರು. ಕಣ್ಣಿನ ಡಾಕ್ಟರು ಹಲ್ಲುನೋವಿಗೆ ಔಷಧ ಕೊಟ್ಟ ಹಾಗೆ ಸಮಿತಿಯವರು ಅವರಿಗೆ ನೆನಪಿನ ಚೀಟಿ ಕೊಟ್ಟಿದ್ದರು. ಅವನಿಗೆ ನಗು ಬಂತು. ನಗು ಮುಗಿದ ಮೇಲೆ ಹೆದರಿಕೆಯೂ ಆಯಿತು. ಮರೆವಾಗಿದ್ದರೆ ಹೇಗೋ ನೆನಪಿಸಬಹುದಿತ್ತು. ಇಷ್ಟು ಜನರ ಭಯವನ್ನೂ ಪ್ರತಿಷ್ಠೆಯನ್ನೂ ಒಬ್ಬ ಹಂಗಾಮಿ ವೈರ್‌ಮನ್ ಎಲ್ಲಿಂದ ಆರಿಸಿಯಾನು?

ಯೋಚಿಸುತ್ತ ಯೋಚಿಸುತ್ತ ದಿನಗಳು ಹೋದವು. ಕೊಟ್ಟ ತಿಂಗಳಲ್ಲಿ ಹತ್ತೇ ದಿನ ಉಳಿಯಿತು. ಮಗಳು ಏನನ್ನೂ ಕೇಳಲಿಲ್ಲ. ಒಂದು ಸಂಜೆ ಅವನು ಮನೆಗೆ ಬಂದಾಗ ಅವಳು ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು, ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಓದಿ ನೋಡುತ್ತಿದ್ದಳು. ಇನ್ನು ಮೇಲೆ ಹೀಗೇ ಓದಬೇಕಲ್ಲ ಎಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದಳು.

ಮರುದಿನ ಅವನು ನೇರವಾಗಿ ಕುಲಪತಿಗಳ ಕೋಣೆಗೆ ಹೋದ. ಕುಲಪತಿಗಳು ರಾಜಧಾನಿಗೆ ಹೋಗಿ ನಾಲ್ಕು ದಿನವಾಗಿತ್ತು. ಒಳಗೆ ನಾಲ್ಕು ಫ್ಯಾನು ತಿರುಗುತ್ತಿದ್ದವು, ಹನ್ನೆರಡು ದೀಪ ಉರಿಯುತ್ತಿದ್ದವು, ಎ.ಸಿ. ಕೂಡ ಗುಂಯ್‌ಗುಡುತ್ತಿತ್ತು. ಬಾಗಿಲಲ್ಲಿ ಜವಾನ ಕೂತು, ಬಂದವರಿಗೆಲ್ಲ ಸಾಹೇಬರು ಇಲ್ಲೇ ಹೋಗಿದ್ದಾರೆ, ಬರುತ್ತಾರೆ ಎನ್ನುತ್ತಿದ್ದ. ಅದನ್ನು ನಂಬಿ ಹಳ್ಳಿಯ ಒಬ್ಬ ಶಾಲಾ ಮೇಷ್ಟ್ರು ಎರಡು ದಿನದಿಂದ ಬೆಂಚಿನ ಮೇಲೆ ಕಾದಿದ್ದರು.

ಸ್ವಿಚ್ಚು ನೋಡಬೇಕು ಎಂದು ಹೇಳಿ ವೈರ್‌ಮನ್ ಒಳಗೆ ಹೋದ. ಸ್ವಿಚ್ಚುಗಳ ಮುಂದೆ ನಿಂತ. ಇದೇ ತನ್ನ ಕೊನೆಯ ಕೆಲಸವಾದರೂ ಆಗಬಹುದು ಎಂದುಕೊಂಡ. ಮಗಳ ಕಿವಿಯ ಹತ್ತಿ ನೆನಪಾಯಿತು. ಒಂದೊಂದಾಗಿ ಎಲ್ಲವನ್ನೂ ಆರಿಸಿದ. ಹೊರಗೆ ಬಂದು, ಬಾಗಿಲ ಮೇಲೆ ಕುಲಪತಿಗಳ ಹೆಸರಿಗೆ ಬೆಳಕು ಬಿಡುತ್ತಿದ್ದ ದೀಪವನ್ನೂ ಆರಿಸಿದ.

ಅರ್ಧ ಗಂಟೆಯಲ್ಲಿ ಸುದ್ದಿ ಎಲ್ಲ ಕಡೆ ಹಬ್ಬಿತು. ಕುಲಪತಿಗಳ ಫ್ಯಾನು ನಿಂತಿದೆ. ಆ ಪಡಸಾಲೆಯಲ್ಲಿ ಅಂಥದ್ದನ್ನು ಕಂಡವರೇ ಇರಲಿಲ್ಲ. ವರ್ಗವಾಗಿದೆ ಎಂದು ಒಬ್ಬರು ಹೇಳಿದರು. ಆಸ್ಪತ್ರೆಯಲ್ಲಿದ್ದಾರೆ ಎಂದು ಇನ್ನೊಬ್ಬರು ಹೇಳಿದರು. ಮೂರನೆಯವರು ಯಾವುದಕ್ಕೂ ಇರಲಿ ಎಂದು, ಹೊಸಬರಿಗಾಗಿ ಒಂದು ಹಾರಕ್ಕೆ ಹೇಳಿ ಕಳಿಸಿದರು. ಬೆಂಚಿನ ಮೇಲಿದ್ದ ಮೇಷ್ಟ್ರು ಎದ್ದು ಊರಿಗೆ ಹೋದರು. ಅವರೊಬ್ಬರಿಗೆ ನೆಮ್ಮದಿಯಾಯಿತು.

ರಾಜಧಾನಿಯಲ್ಲಿದ್ದ ಕುಲಪತಿಗಳಿಗೆ ಫೋನಿನ ಮೇಲೆ ಫೋನು. ಸಭೆ ಬಿಟ್ಟು ಮರುದಿನವೇ ಬಂದರು. ಬಂದವರೇ ವೈರ್‌ಮನ್ನನನ್ನು ಕರೆಸಿದರು.

"ನಾನು ಇಲ್ಲ ಅಂತ ಊರಿಗೆಲ್ಲ ಸಾರಿಬಿಟ್ಟೆಯಲ್ಲಯ್ಯ" ಎಂದರು.

"ತಾವು ಇರ್ಲಿಲ್ಲ ಸಾರ್. ಫ್ಯಾನಿತ್ತು" ಎಂದ ಅವನು.

ಕುಲಪತಿಗಳು ಕತ್ತೆತ್ತಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು, ವೈರ್‌ಮನ್ನನನ್ನು ನೋಡಿದರು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ನಗು ಹೊರಗೆ ಬಂತು. ಕೂರು ಎಂದು ಕುರ್ಚಿ ತೋರಿಸಿ ಎಲ್ಲವನ್ನೂ ಹೇಳಿಸಿದರು. ಆಯಮ್ಮನ ಅಂಗೈ, ಹಳೆಯ ಕುಲಪತಿಗಳ ಕೋಲು, ಪರಿವಿಡಿಯ ಮೇಲಿನ ಕನ್ನಡಕ, ಒಂದನ್ನೂ ಅವನು ಬಿಡಲಿಲ್ಲ. ಕೋಲಿನ ಮಾತು ಬಂದಾಗ ಕುಲಪತಿಗಳ ನಗು ಸಣ್ಣದಾಯಿತು. ಅವರೂ ಒಂದು ಕಾಲಕ್ಕೆ ಅದೇ ಪಡಸಾಲೆಯಲ್ಲಿ ಹೊಸ ಅಧ್ಯಾಪಕರು. ಆ ಕೋಲಿನ ಸದ್ದಿಗೆ ಬೆವತವರು. ಪುಸ್ತಕದ ಮೇಲೆ ಇಡುವುದಕ್ಕೆಂದೇ ಸಂತೆಯಲ್ಲಿ ಒಂದು ಅಗ್ಗದ ಕನ್ನಡಕ ಕೊಂಡವರು. ಅದನ್ನು ನೆನೆದು ಅವರಿಗೆ ನಾಚಿಕೆಯಾಯಿತು.

ಅವರು ಜವಾನನನ್ನು ಕಳಿಸಿ, ಮಕ್ಕಳು ಬರೆಯುವ ಒಂದು ಸ್ಲೇಟು ತರಿಸಿದರು. ತಮ್ಮ ಕೈಯಿಂದಲೇ ಅದರ ಮೇಲೆ ಬರೆದರು. "ನಾನು ಕೋಣೆಯಲ್ಲಿಲ್ಲ. ಗ್ರಂಥಾಲಯದಲ್ಲಿದ್ದೇನೆ. ಬೇಕಾದವರು ಅಲ್ಲಿಗೆ ಬನ್ನಿ." ಅದನ್ನು ಬಾಗಿಲಿಗೆ ತೂಗುಹಾಕಿ ದೀಪ, ಫ್ಯಾನು ಆರಿಸಿ ಹೊರಟರು. ಆರಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಯಾವ ಸ್ವಿಚ್ಚು ಯಾವುದಕ್ಕೆಂದು ವೈರ್‌ಮನ್ ಹೇಳಿಕೊಡಬೇಕಾಯಿತು.

ಮರುದಿನ ಇನ್ನೊಂದು ಬಾಗಿಲಿಗೆ ಸ್ಲೇಟು ಬಂತು. ಆಮೇಲೆ ಐದಾರು ಬಾಗಿಲಿಗೆ. ದೊಡ್ಡವರೇ ಇಲ್ಲ ಎಂದು ಬರೆದುಕೊಂಡ ಮೇಲೆ ಚಿಕ್ಕವರಿಗೇನು ಹೆದರಿಕೆ? ತರಗತಿಯಲ್ಲಿದ್ದೇನೆ ಎಂದು ಒಬ್ಬರು ಬರೆದರು. ಮಜ್ಜಿಗೆ ಕುಡಿಯಲು ಹೋಗಿದ್ದೇನೆ, ಬರುವುದು ತಡ ಎಂದು ಒಬ್ಬರು ಬರೆದರು. ದೂರು ಕೊಟ್ಟವರು ಬಹಳ ಯೋಚಿಸಿ, ಮಾವನ ಮನೆಯಲ್ಲಿದ್ದೇನೆ, ಸೋಮವಾರ ಬರುತ್ತೇನೆ ಎಂದು ಆಯಮ್ಮನಿಗೆ ಫೋನಿನಲ್ಲಿ ಹೇಳಿ ಬರೆಸಿದರು. ಮೆಮೊ ಬರಲಿಲ್ಲ. ರಜೆ ಹಾಕಿ ಹೋಗಿ, ಮಾವನವರಿಗೆ ನಮಸ್ಕಾರ ತಿಳಿಸಿ ಎಂದು ಕುಲಪತಿಗಳು ಅದರ ಕೆಳಗೆ ಬರೆದರು. ಆಯಮ್ಮ ಬೆಳಗ್ಗೆ ಬಾಗಿಲಷ್ಟೇ ತೆಗೆಯತೊಡಗಿದಳು.

ಕೆಲವು ದಿನಕ್ಕೆ ಇನ್ನೊಂದು ಬದಲಾವಣೆಯಾಯಿತು. ಎಲ್ಲಿದ್ದೇನೆಂದು ದಿನಾ ಬರೆಯಬೇಕಾದರೆ, ಬರೆಯುವಂಥ ಜಾಗದಲ್ಲಿ ಇರಬೇಕು. ಮೂರು ಸಲ ಮಜ್ಜಿಗೆ ಎಂದು ಬರೆದವರಿಗೆ ನಾಲ್ಕನೆಯ ಸಲ ಬರೆಯಲು ಕೈ ಬರಲಿಲ್ಲ. ತರಗತಿಗೆ ಹೋದರು. ಮಕ್ಕಳಿಗೆ ಮೇಷ್ಟ್ರು ಸಿಗತೊಡಗಿದರು.

ತಿಂಗಳ ಕೊನೆಯ ಸಂಜೆ ವೈರ್‌ಮನ್ ಫ್ಯೂಸಿನ ತಂತಿ ಕೈಯಲ್ಲಿ ಹಿಡಿದು ಟ್ರಾನ್ಸ್‌ಫಾರ್ಮರಿನ ಕೆಳಗೆ ನಿಂತ. ಆರು ಗಂಟೆಯಾಯಿತು. ಓದುವ ಕೋಣೆಯ ದೀಪಗಳು ಹತ್ತಿದವು. ಅವನು ಕಾದ. ಆರೂಕಾಲಾಯಿತು, ಆರೂವರೆಯಾಯಿತು. ಫ್ಯೂಸು ಹೋಗಲಿಲ್ಲ. ಅವನು ಓದುವ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತು ಇಣುಕಿದ. ನಲವತ್ತು ತಲೆಗಳು ಪುಸ್ತಕದ ಮೇಲೆ ಬಗ್ಗಿದ್ದವು. ಹೊರಗೆ ಏನು ನಡೆಯಿತೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಮಾತ್ರ ತಲೆಯೆತ್ತಿ, ಅಪ್ಪಾ, ಬಾಗಿಲಿಗೆ ಅಡ್ಡ ನಿಲ್ಲಬೇಡ, ಗಾಳಿ ಬರುವುದಿಲ್ಲ ಎಂದು ಗದರಿದಳು. ಅವನು ಪಕ್ಕಕ್ಕೆ ಸರಿದ. ಆ ಗದರಿಕೆಯಿಂದ ಅವನಿಗಾದ ಸಂತೋಷಕ್ಕೆ ಎಣೆಯಿರಲಿಲ್ಲ. ಪರೀಕ್ಷೆ ಮುಗಿಯುವವರೆಗೂ ಆ ಕೋಣೆಯ ದೀಪ ಒಂದು ಸಂಜೆಯೂ ಆರಲಿಲ್ಲ.

ಕತೆ ಮುಗಿಯಿತು. ತಿಪ್ಪೇಶ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಎದ್ದು ಗುರುಗಳ ಪಾದ ಮುಟ್ಟಿದ.

"ದಾರಿ ಸಿಕ್ಕಿತು ಅಜ್ಜಯ್ಯ. ನಾಳೆಯೇ ನೂರಿಪ್ಪತ್ತು ಸ್ಲೇಟು ತರಿಸುತ್ತೇನೆ. ಬಾಗಿಲಿಗೊಂದು ಕಟ್ಟಿಸುತ್ತೇನೆ. ಬರೆಯದವರ ಹೆಸರನ್ನು ನಾನೇ ಮೇಲಕ್ಕೆ ಕಳಿಸುತ್ತೇನೆ" ಎಂದ.

ಹಾಲಯ್ಯನವರು ಅವನ ಮುಖವನ್ನು ಪ್ರೀತಿಯಿಂದ ನೋಡಿದರು.

"ಆಗಲಿ ತಿಪ್ಪೇಶ. ಇವತ್ತು ಕೆಲಸದ ದಿನವಲ್ಲವೇ, ಈಗ ನಿನ್ನ ಕೋಣೆಯಲ್ಲಿ ಯಾರಿದ್ದಾರೆ?"

ತಿಪ್ಪೇಶ ಜೇಬಿನಿಂದ ಫೋನು ತೆಗೆದು, ತನ್ನ ಕೋಣೆಯ ಫ್ಯಾನು ಆರಿಸುವಂತೆ ವಿಭಾಗದ ಅಟೆಂಡರಿಗೆ ಹೇಳಿದ.